ಪೆನ್‌ಡ್ರೈವ್ ನುಂಗಿದ ಧಾರೆ

ಕಡೂರಿನಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ, ಅದರ ಹಿಂದೆಯೇ ಮನೆ. ಕ್ಯಾಮೆರಾ ಹಿಡಿಯುವುದು ನನ್ನ ಗಂಡ. ಅವರು ಹಿಡಿದು ತಂದದ್ದನ್ನು ನಾಲ್ಕು ಜನ ನೋಡುವ ಹಾಗೆ ಮಾಡುವುದು ನಾನು. ಇಪ್ಪತ್ತು ವರ್ಷದಿಂದ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಮದುಮಕ್ಕಳ ಮೊಡವೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ ಕೈ ನನ್ನದು. ಬೋರ್ಡಿನ ಮೇಲೆ ಮಾತ್ರ ಅವರ ಹೆಸರಿದೆ.

ಅಷ್ಟೂ ಮದುವೆಗಳು ಹಾರ್ಡ್‌ಡಿಸ್ಕುಗಳಲ್ಲಿದ್ದವು, ಹಾರ್ಡ್‌ಡಿಸ್ಕುಗಳು ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿಯಲ್ಲಿದ್ದವು. ಹೋದ ವರ್ಷ ಅದರಲ್ಲೊಂದು ಟಿಕ್ ಟಿಕ್ ಎಂದು ನಾಲ್ಕು ಸಲ ಸದ್ದು ಮಾಡಿ ಸತ್ತುಹೋಯಿತು. ಅದರೊಳಗೆ ಒಂದು ಮಗುವಿನ ನಾಮಕರಣವಿತ್ತು. ಮಗುವಿನ ತಾಯಿ ಸ್ಟುಡಿಯೋಗೆ ಬಂದು ನಮಗೇ ಇನ್ನೊಂದು ನಾಮಕರಣ ಮಾಡಿ ಹೋದರು.

ಆ ಸಂಜೆ ತರೀಕೆರೆಯಿಂದ ಭಾವ ಫೋನ್ ಮಾಡಿದರು. ಭಾವ ಎಂದರೆ ನನ್ನ ಗಂಡನ ಅಣ್ಣ, ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು. ಗೊತ್ತಿಲ್ಲದ ವಿಷಯದಲ್ಲಿ ಅವರಿಗೆ ಇನ್ನೂ ಹೆಚ್ಚಿನ ಧೈರ್ಯ.

"ನೋಡಮ್ಮಾ, ಮನೇಲೇ ಒಂದು ಸ್ಟೋರೇಜ್ ಸರ್ವರ್ ಮಾಡ್ಕೊ. ಹಳೇ ಕಂಪ್ಯೂಟರ್ ಐತಲ್ಲ, ಅದಕ್ಕೆ ಎರಡು ಹೊಸ ಡಿಸ್ಕ್ ಹಾಕು. ಒಂದೇ ಫೋಟೋ ಎರಡೂ ಕಡೆ ಉಳ್ಕೊಳ್ತದೆ. ಒಂದು ಸತ್ರೆ ಇನ್ನೊಂದು ಇರ್ತದೆ. ಅದರ ಸಾಫ್ಟ್‌ವೇರ್ ಬಿಟ್ಟಿ ಸಿಗ್ತದೆ. ಪೆನ್‌ಡ್ರೈವ್‌ಗೆ ಹಾಕು, ಚುಚ್ಚು, ಹತ್ತು ನಿಮಿಷದ ಕೆಲಸ."

ಆ ಹತ್ತು ನಿಮಿಷ ಒಂಬತ್ತು ದಿನ ಹಿಡಿಯಿತು.

ಪೆನ್‌ಡ್ರೈವಿಗೆ ನಮ್ಮಲ್ಲಿ ಬರವಿರಲಿಲ್ಲ. ಮದುವೆ ಫೋಟೋಗಳನ್ನು ಗಿರಾಕಿಗಳಿಗೆ ಕೊಡಲೆಂದು ನನ್ನ ಗಂಡ ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ದೊಡ್ಡ ಡಬ್ಬಿ ತುಂಬ ಮರದ ಪೆನ್‌ಡ್ರೈವ್ ತರಿಸಿದ್ದರು. ನೋಡಲು ಬಲು ಚಂದ. ಒಂದು ಬದಿಯಲ್ಲಿ ಗಂಡು ಹೆಣ್ಣಿನ ಹೆಸರು ಕೆತ್ತಿಸಿ, ವೆಲ್ವೆಟ್ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದೆವು. ಇನ್ನೊಂದು ಬದಿಯಲ್ಲಿ ಅರವತ್ನಾಲ್ಕು ಜಿಬಿ ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ಉಳಿದಿದ್ದರಲ್ಲಿ ಒಂದನ್ನು ಎತ್ತಿಕೊಂಡೆ.

ಮೊದಲ ದಿನ ಸಾಫ್ಟ್‌ವೇರ್ ಫೈಲನ್ನು ಹಾಡು ತುಂಬಿಸಿದ ಹಾಗೆ ಪೆನ್‌ಡ್ರೈವಿಗೆ ಕಾಪಿ ಮಾಡಿ, ಹೊಸ ಡಿಸ್ಕ್ ಹಾಕಿಸಿದ್ದ ಹಳೆಯ ಕಂಪ್ಯೂಟರಿಗೆ ಚುಚ್ಚಿದೆ. ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಾಗೆ ಕಾಪಿ ಮಾಡಿದರೆ ಆಗುವುದಿಲ್ಲ, ಅದಕ್ಕೆಂದೇ ಇರುವ ಒಂದು ಪ್ರೋಗ್ರಾಂನಿಂದ ಬರೆಯಬೇಕು ಎಂದು ಭಾವ ಮಾರನೆಯ ದಿನ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀನು ಕೇಳ್ಲಿಲ್ವಲ್ಲಮ್ಮಾ" ಎಂದರು.

ಆ ಪ್ರೋಗ್ರಾಂ ಹಾಕಿಕೊಂಡು ಬರೆದೆ. ಬರೆದು ಮುಗಿದ ಮೇಲೆ, ಸರಿಯಾಗಿ ಬರೆದಿದೆಯೇ ಎಂದು ಅದು ತಾನೇ ಪರೀಕ್ಷೆ ಮಾಡಲು ಶುರುಮಾಡಿತು. ಕೆಳಗೆ 'ಸ್ಕಿಪ್' ಎಂದು ಒಂದು ಬಟನ್ ಇತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒತ್ತಿಬಿಟ್ಟೆ. ಅದೊಂದು ಬಟನ್ ಒತ್ತದೆ ಇದ್ದಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು.

ಈ ಸಲ ಕಂಪ್ಯೂಟರ್ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿದವು. ನಾನು ಗಂಡನನ್ನು ಕೂಗಿ ಕರೆದೆ. ಅವರು ಬಂದು ನಿಲ್ಲುವಷ್ಟರಲ್ಲಿ ಅಕ್ಷರಗಳೂ ನಿಂತಿದ್ದವು. ಕೊನೆಯ ಸಾಲಿನಲ್ಲಿ 'ಯುಎಸ್‌ಬಿ ರೀಡ್ ಎರರ್' ಎಂದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ಎರರ್ ಅಂತೈತೆ ಕಣೇ" ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಮಾಡಿದ ತಾಂತ್ರಿಕ ಸಹಾಯವೆಲ್ಲ ಇದೇ ಮಟ್ಟದ್ದು.

ಆಮೇಲೆ ಭಾವನ ಫೋನ್ ಪಾಠಗಳು ಶುರುವಾದವು. ಮುಂದಿನ ತೂತು ಬೇಡ, ಹಿಂದಿನದಕ್ಕೆ ಚುಚ್ಚು ಎಂದರು. ಚುಚ್ಚಿದೆ. ನೀಲಿ ಬಣ್ಣದ್ದು ಬೇಡ, ಕರಿಯದಕ್ಕೆ ಎಂದರು. ಅದಕ್ಕೂ ಚುಚ್ಚಿದೆ. ಕೀಬೋರ್ಡ್ ತೆಗೆದುಬಿಡು ಎಂದರು. ತೆಗೆದ ಮೇಲೆ, ಈಗ ಎಂಟರ್ ಒತ್ತು ಎಂದರು. ಸೆಟ್ಟಿಂಗಿನೊಳಗೆ ಹೋಗಿ ಅದನ್ನು ಆನ್ ಮಾಡು, ಇದನ್ನು ಆಫ್ ಮಾಡು ಎಂದರು. ಒಂದು ಮಧ್ಯಾಹ್ನವಂತೂ ನಾನು ಮೇಜಿನ ಕೆಳಗೆ ಅಂಗಾತ ಮಲಗಿ, ಎದೆಯ ಮೇಲೆ ಫೋನಿಟ್ಟುಕೊಂಡು, ಧೂಳು ಊದುತ್ತಿದ್ದೆ. ಪಾಸ್‌ಪೋರ್ಟ್ ಸೈಜಿನ ಫೋಟೋಗೆಂದು ಬಂದಿದ್ದ ಹಿರೇನಲ್ಲೂರಿನ ಗೌಡರೊಬ್ಬರು ಬಗ್ಗಿ ನೋಡಿ, "ಏನವ್ವಾ, ಸೊಂಟ ಹಿಡ್ಕಂತಾ?" ಎಂದು ಕೇಳಿದರು.

ಪೆನ್‌ಡ್ರೈವ್ ಬದಲಾಯಿಸಿದೆ. ಅದೇ ಡಬ್ಬಿಯಿಂದ ಇನ್ನೊಂದು, ಮತ್ತೊಂದು. ಎರರ್ ಮಾತ್ರ ಬದಲಾಗಲಿಲ್ಲ. ಕಂಪ್ಯೂಟರೇ ಕೆಟ್ಟಿದೆ, ಗುಜರಿಗೆ ಹಾಕು ಎಂದು ಭಾವ ತೀರ್ಪು ಕೊಟ್ಟರು.

ನನಗೆ ಹಟ ಬಂತು. ಆರನೆಯ ದಿನ ಪರೀಕ್ಷೆಯನ್ನು ಸ್ಕಿಪ್ ಮಾಡದೆ, ಸಾರಿನ ಒಲೆ ಆರಿಸಿ, ಪರದೆಯ ಮುಂದೆ ಕುಳಿತೆ. ಬರೆದದ್ದು ಒಂದು, ಓದಿದಾಗ ಬಂದದ್ದು ಇನ್ನೊಂದು ಎಂದು ಪ್ರೋಗ್ರಾಂ ಕೆಂಪು ಅಕ್ಷರದಲ್ಲಿ ಹೇಳಿತು. ಪೆನ್‌ಡ್ರೈವಿನಲ್ಲಿ ನಿಜವಾಗಿ ಎಷ್ಟು ಜಾಗವಿದೆ ಎಂದು ಅಳೆಯುವ ಬೇರೊಂದು ಪ್ರೋಗ್ರಾಂ ಹುಡುಕಿ ಓಡಿಸಿದೆ. ಚಿನ್ನದ ಅಕ್ಷರದ ಅರವತ್ನಾಲ್ಕು ಜಿಬಿಯಲ್ಲಿ ನಿಜವಾಗಿ ಇದ್ದದ್ದು ಒಂದು ಜಿಬಿ, ಮೇಲೆ ಚೂರುಪಾರು. ಮಿಕ್ಕಿದ್ದೆಲ್ಲ ಬರೀ ಬೊಗಳೆ. ಎಷ್ಟು ತುಂಬಿಸಿದರೂ ತುಂಬಿಸಿಕೊಂಡೆ ಎನ್ನುತ್ತಿತ್ತು, ಒಂದು ಜಿಬಿ ದಾಟಿದ್ದನ್ನೆಲ್ಲ ಗಾಳಿಗೆ ಬಿಡುತ್ತಿತ್ತು. ನನ್ನ ಸಾಫ್ಟ್‌ವೇರ್ ಹತ್ತಿರ ಹತ್ತಿರ ಎರಡು ಜಿಬಿ. ಅರ್ಧ ಓದಿದ ಮೇಲೆ ಕಂಪ್ಯೂಟರ್ ಇನ್ನೇನು ಓದೀತು?

ಡಬ್ಬಿಯಲ್ಲಿದ್ದ ಎಲ್ಲವನ್ನೂ ಅಳೆದೆ. ಎಲ್ಲ ಒಂದೇ ತಾಯಿಯ ಮಕ್ಕಳು. ಕಂಪ್ಯೂಟರ್ ಕೆಟ್ಟಿಲ್ಲ ಎಂದು ಒಂದು ನಿಮಿಷ ಖುಷಿಪಟ್ಟೆ. ಆಮೇಲೆ ಪಕ್ಕದಲ್ಲಿದ್ದ ಖಾಲಿ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು. ಎರಡು ವರ್ಷದಿಂದ ನಾವು ವೆಲ್ವೆಟ್ ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದು ಇವನ್ನೇ. ಒಂದು ಮದುವೆಯ ಫೋಟೋಗಳಲ್ಲಿ ಮೊದಲ ಒಂದು ಜಿಬಿ ಎಂದರೆ ಚಪ್ಪರ, ಅರಿಶಿನ, ಅಬ್ಬಬ್ಬಾ ಎಂದರೆ ವರಪೂಜೆ. ಧಾರೆ, ತಾಳಿ, ಅಕ್ಷತೆ ಯಾವುದೂ ಅದರಲ್ಲಿ ಇರಲು ಸಾಧ್ಯವಿಲ್ಲ. ನಾವು ಜನರಿಗೆ ಮದುವೆಯೇ ಆಗದ ಮದುವೆಗಳನ್ನು ಹಂಚಿದ್ದೆವು.

ಗಂಡನಿಗೆ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. "ಯಾರಾದ್ರೂ ಬಂದು ಕೇಳಿದಾರಾ?"

"ಇಲ್ಲ."

"ಮತ್ತೆ? ಸುಮ್ನಿರು. ಕೇಳ್ದಾಗ ನೋಡನ."

"ರೀ, ಸುಮ್ನಿರೋಕೆ ಆಗಲ್ಲ. ಆ ನಾಮಕರಣದ ತಾಯಿ ಉಗಿದಿದ್ದು ಮರ್ತೋಯ್ತಾ? ಫೋಟೋ ಎಲ್ಲ ನಮ್ ಡಿಸ್ಕ್‌ಗಳಲ್ಲಿ ಇನ್ನೂ ಐತೆ. ಅವೂ ಟಿಕ್ ಟಿಕ್ ಅನ್ನೋಕೆ ಮುಂಚೆ ಕೊಟ್ಬಿಡನ."

ಮೊದಲು ಸರ್ವರ್ ಆಗಬೇಕಿತ್ತು. ಒಳ್ಳೆಯ ಪೆನ್‌ಡ್ರೈವ್ ಒಂದು ಭಾವನ ಕಾರಿನಲ್ಲಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಅವರೇ ತರೀಕೆರೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದರು. ಅದರ ತುಂಬ ಅವರು ಬೇರೆ ಬೇರೆ ಬೀಳ್ಕೊಡುಗೆ ಸಮಾರಂಭಗಳಲ್ಲಿ ಮಾಡಿದ ಭಾಷಣಗಳಿದ್ದವು.

"ಇದನ್ನೆಲ್ಲ ಅಳಿಸ್ಲೇಬೇಕೇನಮ್ಮಾ?"

"ಲ್ಯಾಪ್‌ಟಾಪ್‌ಗೆ ಹಾಕ್ಕೊಂಡಿದೀನಿ ಭಾವ. ಒಂದ್ ಮಾತೂ ಕಳೆದಿಲ್ಲ" ಎಂದೆ. ಅಷ್ಟು ಹೇಳಿದರೂ ಅವರು ಪಟ್ಟಿಯನ್ನು ಎರಡು ಸಲ ಎಣಿಸಿ ನೋಡಿದರು. ಆ ಪೆನ್‌ಡ್ರೈವ್ ಚುಚ್ಚಿದಾಗ ನಿಜಕ್ಕೂ ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. "ನಾನು ಹೇಳಿರ್ಲಿಲ್ವಾ?" ಎಂದು ಭಾವ ಕಾಫಿ ಕುಡಿದರು.

ಎಲ್ಲ ಮದುವೆಗಳನ್ನು ಸರ್ವರಿಗೆ ಸುರಿದು, ಹೊಸ ಪೆನ್‌ಡ್ರೈವ್ ತಂದು, ಒಂದೊಂದನ್ನೂ ಅಳೆದು ತುಂಬಿಸಿ, ಗಿರಾಕಿಗಳಿಗೆ ಫೋನ್ ಮಾಡಲು ಕುಳಿತೆ. ಬೈಗುಳಕ್ಕೆ ತಯಾರಾಗಿದ್ದೆ. ಬೈಯಬೇಕಾದರೆ ಅವರು ಅದನ್ನು ತೆರೆದು ನೋಡಿರಬೇಕಲ್ಲ. "ಯಾವ ಪೆನ್‌ಡ್ರೈವು?" ಎಂದು ಅರ್ಧ ಜನ ನನ್ನನ್ನೇ ಕೇಳಿದರು. ದೇವನೂರಿನ ಒಂದು ಮನೆಯಲ್ಲಿ ಅದು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಎಮ್ಮೆದೊಡ್ಡಿ ಕಡೆಯ ಮದುಮಗನೊಬ್ಬ ಫೋಟೋ ಅಳಿಸಿ ಟ್ರ್ಯಾಕ್ಟರಿಗೆ ಹಾಡು ಹಾಕಿಕೊಂಡಿದ್ದ. "ಹಾಡೂ ಅರ್ಧಕ್ಕೇ ನಿಂತೋಯ್ತವೆ ಕಣಕ್ಕಾ" ಎಂದು ದೂರು ಕೊಟ್ಟ. ನನ್ನ ಗಂಡ ಪಕ್ಕದಲ್ಲಿ ನಿಂತು ನಗುತ್ತಿದ್ದರು. ಮೂರು ದಿನ ಕೂತು ಆ ಫೋಟೋಗಳ ಬಣ್ಣ ತಿದ್ದಿದ್ದ ನನಗೆ ನಗು ಬರಲಿಲ್ಲ.

ನೋಡಿದವರು ಒಬ್ಬರಿದ್ದರು. ಅಜ್ಜಂಪುರದ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಮೊಮ್ಮಗನ ಮದುವೆಯ ವಾರ ಕಾಲು ಮುರಿದು ಆಸ್ಪತ್ರೆಯಲ್ಲಿದ್ದವರು. ಆಲ್ಬಮ್ ಹೆಣ್ಣಿನ ಮನೆಗೆ ಹೋಗಿತ್ತು, ಇವರ ಪಾಲಿಗೆ ಬಂದದ್ದು ಪೆನ್‌ಡ್ರೈವ್ ಮಾತ್ರ. ಅದನ್ನು ಟೀವಿಗೆ ಹಾಕಿಸಿಕೊಂಡು ದಿನವೂ ನೋಡುತ್ತಾರೆ ಎಂದು ಮನೆಯವರು ಹೇಳಿದಾಗ, ನಾನೇ ಬಸ್ಸು ಹತ್ತಿ ಹೋದೆ.

ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ನಿನ್ ಗಂಡ ವರಪೂಜೆ ಮುಗೀತಿದ್ದಂಗೆ ಉಂಡು ಮನೀಗೋದ ಅಂತ ನಾನು ಅಂದ್ಕಂಡಿದ್ದೆ ಕಣವ್ವ. ದಿನಾ ಒಂದ್ಸಲ ಬಯ್ತಿದ್ದೆ."

"ಇನ್ನೂ ಸ್ವಲ್ಪ ಬಯ್ರಿ ಅಜ್ಜಿ, ಪೆನ್‌ಡ್ರೈವ್ ತಂದಿದ್ದು ಅವರೇ" ಎಂದು ಹೊಸದನ್ನು ಟೀವಿಗೆ ಚುಚ್ಚಿದೆ.

ಧಾರೆ ಬಂತು. ಅಜ್ಜಿ ಮಂಚದ ತುದಿಗೆ ಸರಿದರು. ಮೊಮ್ಮಗ ತಾಳಿ ಕಟ್ಟುವ ಚಿತ್ರವನ್ನು ಮೂರು ಸಲ ಹಿಂದಕ್ಕೆ ಹಾಕಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅಕ್ಷತೆ ಹಾಕುವ ಚಿತ್ರ ಬಂತು, ಅಜ್ಜಿ ಕೂಗಿದರು.

"ತಡಿ, ತಡಿ! ಹಿಂದ್ಕಾಕು. ಆ ಕಂಬದ ಪಕ್ಕ ಹಸ್ರು ಸೀರೇಲಿರೋದು ಯಾರು?"

ಪಕ್ಕದಲ್ಲಿದ್ದ ಸೊಸೆ ಟೀವಿಯ ಹತ್ತಿರ ಹೋಗಿ ನೋಡಿ, "ಸಣ್ಣತ್ತೆ ಕಣತ್ತೆ" ಎಂದರು. ಸಣ್ಣತ್ತೆ ಎಂದರೆ ಅಜ್ಜಿಯ ಸ್ವಂತ ತಂಗಿ, ಬೀರೂರಿಗೆ ಕೊಟ್ಟವರು. ಅವರು ಮದುವೆಗೆ ಬರಲೇ ಇಲ್ಲವೆಂದು ಅಜ್ಜಿ ಎರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ. ಬಂದಿದ್ದೆ ಎಂದು ತಂಗಿ ಆಣೆ ಹಾಕಿದರೂ, ಸೊಸೆ ಸಾಕ್ಷಿ ಹೇಳಿದರೂ ನಂಬಿರಲಿಲ್ಲ. ಫೋಟೋದಲ್ಲಿ ಇಲ್ಲ ಎಂಬುದೇ ಅವರ ವಾದ. ನಮ್ಮ ಸ್ಟುಡಿಯೋ ಸುಳ್ಳು ಹೇಳುತ್ತದೆಯೇ?

ಅಜ್ಜಿ ಪರದೆಯನ್ನು ದುರುಗುಟ್ಟಿ ನೋಡಿದರು.

"ಬಂದಿದ್ದೇನೋ ಸರಿ. ಆ ಸೀರೆ ನಂದು. ಇಸ್ಕಂಡೋದೋಳು ವಾಪಸ್ ಕೊಟ್ಟಿಲ್ಲ" ಎಂದು ಸೊಸೆಯತ್ತ ಕೈ ಚಾಚಿದರು. "ಫೋನ್ ಹಚ್ಚು ಅವಳಿಗೆ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಒಳಗಿಂದ ಅಜ್ಜಿಯ ದನಿ ಬೀದಿಗೆ ಕೇಳುತ್ತಿತ್ತು. ಮೊದಲು ಸೀರೆಯ ವಿಚಾರಣೆ ನಡೆಯಿತು, ಆಮೇಲೆ ಮಂಡಿನೋವಿನದ್ದು, ಆಮೇಲೆ "ಯಾವಾಗ ಬತ್ತೀಯೇ?" ಎಂಬ ಪ್ರಶ್ನೆ. ಕಡೂರಿನ ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ಕಟ್ಟೆಯ ಮೇಲೆ ಕುಳಿತು, ಸೊಸೆ ಕೈಗೆ ಹಾಕಿದ್ದ ಕೋಡುಬಳೆ ತಿಂದೆ.