ಕಟ್ಟೆಯ ಮೇಲಿನ ಹತ್ತು ಕಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಇಳಕಲ್ಲಿನ ಓಣಿಯಲ್ಲಿ ಅಮಾವಾಸ್ಯೆ ಬಂದದ್ದು ಮೊದಲು ಕಿವಿಗೇ ಗೊತ್ತಾಗುತ್ತಿತ್ತು. ಉಳಿದ ದಿನಗಳಲ್ಲಿ ನಸುಕು ಹರಿಯುವ ಮೊದಲೇ ಮನೆಮನೆಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಆ ಸಪ್ಪಳ ಕೇಳುತ್ತಲೇ ನಾವು ಏಳುತ್ತಿದ್ದೆವು, ಕೇಳುತ್ತಲೇ ಉಣ್ಣುತ್ತಿದ್ದೆವು. ಅಮಾವಾಸ್ಯೆಯ ದಿನ ಮಾತ್ರ ನೇಕಾರರು ಮಗ್ಗಕ್ಕೆ ಕೂಡುತ್ತಿರಲಿಲ್ಲ. ಇಡೀ ಓಣಿ ಸುಮ್ಮನಾಗಿಬಿಡುತ್ತಿತ್ತು. ಬಾವಿಯ ಗಾಲಿ ಕಿರುಗುಟ್ಟುವುದು, ಗುಬ್ಬಿ ಚಿಲಿಪಿಲಿ ಎನ್ನುವುದು ಆವತ್ತು ಕೇಳಿಸಿದಷ್ಟು ಬೇರೆ ದಿನ ಕೇಳಿಸುತ್ತಿರಲಿಲ್ಲ.

ನಾನು ಹೇಳುತ್ತಿರುವ ಅಮಾವಾಸ್ಯೆಗೆ ನನಗೆ ಒಂಬತ್ತು ವರ್ಷ. ಅಪ್ಪ ಬೆಳಗ್ಗೆಯೇ ಮಗ್ಗ ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದ್ದ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮನೆಯಲ್ಲೆಲ್ಲ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ, ಅದರ ಮೇಲೆ ಅವ್ವ ಕುದಿಸುತ್ತಿದ್ದ ಗೋಧಿ ಹುಗ್ಗಿಯ ಬೆಲ್ಲದ ಘಮ. ಅಕ್ಕ ಪಡಸಾಲೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳಿಗೆ ಆಗ ಹತ್ತೊಂಬತ್ತು. ಹುನಗುಂದದ ಕಡೆ ಸಂಬಂಧ ಗಟ್ಟಿಯಾಗಿ, ಎರಡು ತಿಂಗಳಿಗೆ ಮದುವೆ ಇತ್ತು.

ಓಣಿಯ ಗಂಡಸರೆಲ್ಲ ಆವತ್ತು ಬಸವಣ್ಣನ ಗುಡಿಯ ಮುಂದಿನ ಕಟ್ಟೆಗೆ ಹೋಗುತ್ತಿದ್ದರು. ಅಪ್ಪ ಒಬ್ಬನೇ ಹೋಗುತ್ತಿರಲಿಲ್ಲ. ಯಾಕೆಂದು ನಾನು ಕೇಳಿದವಳಲ್ಲ. ಅಪ್ಪನ ಸ್ವಭಾವವೇ ಹಾಗೆ, ಮಾತು ಕಡಿಮೆ ಅಂದುಕೊಂಡಿದ್ದೆ.

ಕಟ್ಟೆಯ ಮೇಲೆ ನಡೆಯುತ್ತಿದ್ದದ್ದು ಫುಟ್‌ಬಾಲ್ ಮಾತು. ನಮ್ಮ ಪೇಟೆಯ ನೇಕಾರರದೇ ಒಂದು ತಂಡವಿತ್ತಂತೆ. ನಾನು ಹುಟ್ಟಿದ ವರ್ಷವೇ ಅದು ಆಟ ನಿಲ್ಲಿಸಿತ್ತು, ಆದರೆ ಅದರ ಮಾತು ನಿಂತಿರಲಿಲ್ಲ. ಬೇವಿನ ನೆರಳಿಗೆ ಹಾಸಿದ್ದ ಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಮೈದಾನ ಬರೆಯುವರು. ಕಲ್ಲಿನ ಕಾರ್ಖಾನೆಯಿಂದ ತಂದ ಕೆಂಪು ತುಂಡುಗಳನ್ನು ಒಬ್ಬೊಬ್ಬ ಆಟಗಾರನಿಗೆ ಒಂದರಂತೆ ಅವನವನ ಜಾಗದಲ್ಲಿ ಇಡುವರು. ಇಡುವವನು ಯಾವಾಗಲೂ ಕ್ಯಾಪ್ಟನ್ ಮುತ್ಯಾ. ಆ ತಂಡದ ನಾಯಕನಾಗಿದ್ದ ಅಜ್ಜ. ಬಿಳಿ ಧೋತರ, ಕೈಯಲ್ಲಿ ಕೋಲು, ಒಂದು ಮೊಣಕಾಲು ಬೀಗಿದ್ದು ಇಳಿದೇ ಇರಲಿಲ್ಲ. ಆ ವರ್ಷ ಅವನಿಗೆ ಉಸಿರು ಹಿಡಿಯುತ್ತಿತ್ತು. ನಾಲ್ಕು ಮಾತಿಗೊಮ್ಮೆ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದ. ಅವನಿಗೆ ಒಂದು ಬಟ್ಟಲು ಹುಗ್ಗಿ ಕೊಟ್ಟು ಬಾ ಎಂದು ಅವ್ವ ನನ್ನನ್ನು ಕಳಿಸಿದಳು.

ನಾನು ಹೋದಾಗ ಮುತ್ಯಾ ಮೊದಲ ಕಲ್ಲು ಇಟ್ಟಿದ್ದ.

"ಇಂವ ಗೋಲಿನ್ಯಾಗ ನಿಂತಾ ಅಂದ್ರ ಗ್ವಾಡಿ ನಿಂತಂಗ."

ಕಟ್ಟೆಯ ಪಕ್ಕದಲ್ಲೇ ಬಜ್ಜಿ ಕರಿಯುತ್ತಿದ್ದ ಕಾಕಾ ಜಾಲರಿ ಸೌಟು ಎತ್ತಿಹಿಡಿದು, "ಗ್ವಾಡಿ ಅಲ್ರಿ! ಗ್ವಾಡಿಗೆ ಕಿಡಕಿಯರ ಇರತಾವು, ಇಂವಗ ಅದೂ ಇದ್ದಿಲ್ಲ" ಎಂದ. ಬಜ್ಜಿ ಕಾಕಾ ಒಂದು ದಿನವೂ ಚೆಂಡು ಒದ್ದವನಲ್ಲ. ಎಲ್ಲರಿಗಿಂತ ಹೆಚ್ಚು ಮಾತು ಮಾತ್ರ ಅವನದೇ.

"ಈ ಮಗಗ ಬೂಟ್ ಕೊಡಿಸಿದ್ವಿ," ಎನ್ನುತ್ತ ಮುತ್ಯಾ ಮುಂದಿನ ಕಲ್ಲು ಇಟ್ಟ. "ಕೊಳ್ಳಾಗ ಹಾಕ್ಕೊಂಡ ಬಂದಾ, ಕೊಳ್ಳಾಗ ಹಾಕ್ಕೊಂಡ ಹೋದಾ. ನಡುವ ಬರಿಗಾಲಿಲೇ ಮೂರು ಗೋಲು!"

ಎಲ್ಲರೂ ನಕ್ಕರು. ಮುಂದಿನ ಕಲ್ಲಿಗೆ ವಿಭೂತಿ ಹಚ್ಚಿತ್ತು. ಆ ಆಟಗಾರ ತೀರಿಕೊಂಡಿದ್ದ. ಅದನ್ನಿಡುವಾಗ ತಲೆಯ ಮೇಲೆ ಟೋಪಿ ಇದ್ದವರು ತೆಗೆದರು. ಬಜ್ಜಿ ಕಾಕಾ ಕೂಡ ಎಣ್ಣೆಗೆ ಏನೂ ಬಿಡದೆ ನಿಂತ.

ಹೀಗೆ ಹತ್ತು ಕಲ್ಲು ಇಟ್ಟಾಯಿತು. ಗೋಲಿನ ಮುಂದೆ, ಎಡಗಡೆ, ಸೀಮೆಸುಣ್ಣದ ಒಂದು ಸುತ್ತು ಬರಿದಾಗಿಯೇ ಉಳಿಯಿತು. ಮುದುಕ ಮರೆತ ಅಂದುಕೊಂಡು ನಾನು ಕೆಳಗೆ ಬಿದ್ದಿದ್ದ ಒಂದು ತುಂಡು ಎತ್ತಿ ಅಲ್ಲಿ ಇಡಲು ಹೋದೆ.

"ಏ ಏ! ಅಲ್ಲಿ ಇಡಬ್ಯಾಡ," ಎಂದು ಬಜ್ಜಿ ಕಾಕಾ ಕೂಗಿದ. "ಅದು ಖಾಲಿನ ಇರಬೇಕು."

"ಯಾಕ್ರಿ ಕಾಕಾ?"

"ನಿಮ್ಮಪ್ಪನ್ನ ಕೇಳು. ಬಾದಾಮಿಗೆ ಹೋಗೂ ಬಸ್ಸು ಇನ್ನೂ ಸಿಕ್ಕಿಲ್ಲೇನು ಅಂತ ಕೇಳು!"

ಈ ಸಲದ ನಗು ಬೇರೆ ಥರದ್ದಾಗಿತ್ತು. ಮುತ್ಯಾ ಮಾತ್ರ ನಗಲಿಲ್ಲ. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಮುಖ ನೋಡದೆ, "ಮನಿಗೆ ಹೋಗವಾ" ಎಂದ. ನನ್ನ ಕಿವಿ ಬಿಸಿಯಾದವು. ಅಪ್ಪ ಆ ತಂಡದಲ್ಲಿ ಆಡುತ್ತಿದ್ದ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಓಡಿ ಮನೆಗೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಲಾಳಿಗೆ ಎಣ್ಣೆ ಒರೆಸುತ್ತ ಕೂತಿದ್ದ. "ಹೌದವಾ, ಅವತ್ತ ನಾ ಹೋಗಲಿಲ್ಲ" ಎಂದ, ಅಷ್ಟೇ. ಬಾಚಣಿಗೆ ಕೆಳಗಿಟ್ಟವಳು ಅಕ್ಕ.

"ನಿನ್ನ ಬದ್ಲಿ ಬ್ಯಾರೆಯಾಂವ ಆಡ್ಯಾನ ಅಂತ ಹೇಳಿದ್ದೆಲ್ಲಪ್ಪಾ?"

ಅಪ್ಪ ಲಾಳಿಯನ್ನು ಬೆಳಕಿಗೆ ಹಿಡಿದು ನೋಡಿದ. ಅಕ್ಕ ಒಲೆಯ ಕಡೆ ತಿರುಗಿದಳು. "ಅವ್ವಾ, ನಿನಗ ಗೊತ್ತಿತ್ತೇನು?" ಅವ್ವ ಸೌಟು ಆಡಿಸುತ್ತಲೇ ಇದ್ದಳು. ಹುಗ್ಗಿ ಯಾವಾಗಲೋ ಬೆಂದಾಗಿತ್ತು.

ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು. "ಬ್ಯಾಡವಾ," ಎಂದ ಅಪ್ಪ. "ಹಳೇ ಮಾತದು. ನಿನ್ನ ಮದುವಿಗೆ ಎರಡ ತಿಂಗಳದ. ಗಂಡಸರ ನಡುವ ಹೋಗಿ..." ಅಕ್ಕ ಅಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಓಡಿದೆ. ಅವಳ ಅಂಗೈ ಒದ್ದೆಯಾಗಿತ್ತು.

ನಮ್ಮ ಕಡೆ ಆ ಕಾಲದಲ್ಲಿ ಮದುವೆಗೆ ಬಂದ ಹುಡುಗಿ ಕಟ್ಟೆಯ ಮುಂದೆ ಹಾದುಹೋಗುವುದೇ ತಲೆ ತಗ್ಗಿಸಿಕೊಂಡು. ಅಕ್ಕ ಅಲ್ಲಿ ನಿಂತಾಗ ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಮುತ್ಯಾ, ನಮ್ಮಪ್ಪ ಬಾದಾಮಿಗೆ ಯಾಕ ಬರಲಿಲ್ಲ ಅಂತ ನಾ ಹೇಳ್ತೇನ್ರಿ. ತಪ್ಪು ನಂದು."

ಅವಳು ಹೇಳಿದ್ದನ್ನು ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಇಳಕಲ್ ಸೀರೆಯ ಮೈಯ ನೂಲು ಬೇರೆ, ಸೆರಗಿನ ನೂಲು ಬೇರೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಅದು ಮನೆಯ ಹೆಂಗಸರ ಕೆಲಸ, ಸಾವಿರಾರು ಎಳೆಗಳ ಕೆಲಸ. ಬಾದಾಮಿಯಲ್ಲಿ ಕೊನೆಯ ಆಟ ಇದ್ದಾಗ ಅವ್ವ ನನ್ನನ್ನು ಹೆತ್ತು ಬಾಣಂತಿಯಾಗಿ ಮಲಗಿದ್ದಳು. ಹತ್ತು ವರ್ಷದ ಅಕ್ಕ, ನಾನೇ ಹಾಕುತ್ತೇನೆ ಎಂದು ಕೊಂಡಿಗೆ ಕೂತಳು. ಕೊನೆಕೊನೆಗೆ ಬೇಸರ ಬಂತು. ಹುಡುಗರೆಲ್ಲ ತಂಡದವರ ಅಭ್ಯಾಸ ನೋಡಲು ಹೊರಟಿದ್ದರು. ಬೇಗ ಮುಗಿಸಿ ಓಡಬೇಕೆಂದು ಅರ್ಧ ಕುಣಿಕೆಗಳನ್ನು ಬಿಗಿ ಮಾಡದೆ ಸಡಿಲವಾಗಿಯೇ ಬಿಟ್ಟಳು.

ಆಟದ ದಿನ ಬೆಳಗ್ಗೆ ಅಪ್ಪ ಆ ಸೀರೆ ಮುಗಿಸಿ ಹೊರಡುವವನಿದ್ದ. ಸೆರಗು ಶುರುವಾಗುವ ಕಡೆ ಮಗ್ಗದ ಒಂದು ಪೆಟ್ಟು ಹಾಕಿದ್ದೇ ತಡ, ಕುಣಿಕೆಗಳು ಸಾಲಾಗಿ ಬಿಚ್ಚಿಕೊಂಡವು. ಬಾಗಿಲಲ್ಲಿ ಕಮತಗಿಯ ಒಬ್ಬ ಕುರಿ ಕಾಯುವಾತ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ. ಮರುದಿನ ಮಗಳ ಮದುವೆ, ಧಾರೆಗೆ ಅದೇ ಸೀರೆ. ಓಣಿಯ ತುದಿಯಲ್ಲಿ ತಂಡದವರ ಲಾರಿ ಹಾರ್ನ್ ಹೊಡೆಯಿತು. "ನೀವ್ ನಡೀರಿ, ನಾ ಬಸ್ಸಿಗೆ ಬರ್ತೇನಿ" ಎಂದು ಅಪ್ಪ ಹೇಳಿ ಕಳಿಸಿದ. ಆಮೇಲೆ ಅಪ್ಪ, ಅಕ್ಕ ಇಬ್ಬರೂ ಎದುರುಬದುರು ಕೂತು ಬಿಚ್ಚಿದ ಎಳೆಗಳನ್ನೆಲ್ಲ ಮತ್ತೆ ಸಿಕ್ಕಿಸಿದರು. ಮುಗಿಯುವ ಹೊತ್ತಿಗೆ ಬಸ್ಸು ಹೋಗಿತ್ತು. ಅಕ್ಕ ಅತ್ತಾಗ ಅಪ್ಪ ಅವಳ ತಲೆ ಸವರಿ, "ನನ್ನ ಬದ್ಲಿ ಬ್ಯಾರೆಯಾಂವ ಆಡ್ತಾನ, ಹುಚ್ಚಿ" ಎಂದಿದ್ದ.

ಬೇರೆಯವನು ಯಾರೂ ಇರಲಿಲ್ಲ. ಇದ್ದವರೇ ಹನ್ನೊಂದು ಜನ. ಅಪ್ಪ ಬಂದೇ ಬರುತ್ತಾನೆ ಎಂದು ನಂಬಿ ಹತ್ತು ಜನ ಆಟ ಶುರು ಮಾಡಿದರು. ಒಂದೇ ಒಂದು ಗೋಲಿನಿಂದ ಸೋತರು. ಆ ಗೋಲು ಬಂದದ್ದು ಎಡಗಡೆಯಿಂದ.

ಅಕ್ಕನ ಮಾತು ಮುಗಿದಾಗ ಬಜ್ಜಿ ಕಾಕಾ, "ಅಲ್ಲವಾ, ಒಂದ ಸೀರಿ ಸಲುವಾಗಿ ಇಡೀ ಪ್ಯಾಟಿ ಮರ್ಯಾದಿ..." ಎಂದು ಬಾಯಿ ತೆಗೆದ. ಮುತ್ಯಾ ಕೋಲಿನಿಂದ ಕಟ್ಟೆಗೆ ಕುಟ್ಟಿದ. ಕಾಕಾ ಮತ್ತೆ ಬಾಣಲೆಯ ಕಡೆ ತಿರುಗಿದ. ಆಗಲೇ ನಾವು ನೋಡಿದ್ದು, ಅಪ್ಪ ನಮ್ಮ ಹಿಂದೆ ಬೇವಿನ ಗಿಡದ ಹತ್ತಿರ ಬಂದು ನಿಂತಿದ್ದ.

"ಲೇ," ಎಂದ ಮುತ್ಯಾ. "ಅರ್ಧ ಆಟ ನಾ ರಸ್ತಾ ನೋಡೂದ್ರಾಗ ಕಳದೆ. ಪ್ರತಿಯೊಂದು ಬಸ್ಸಿನ ಧೂಳ ನೋಡಿ, ಬಂದಾ, ಬಂದಾ ಅಂದೆ. ಆಮ್ಯಾಲ ಕೇಳಿದ್ರ 'ಬರಾಕ ಆಗಲಿಲ್ಲ' ಅಂದಿ. ಯಾಕಂತ ಹೇಳಲಿಲ್ಲ ಯಾಕ?"

"ಹೇಳಿದ್ರ ಕೂಸಿನ ತಲಿ ಮ್ಯಾಲೆ ಬರತಿತ್ರಿ ಕ್ಯಾಪ್ಟನ್," ಎಂದ ಅಪ್ಪ. "ಅಕಿ ಈ ಓಣ್ಯಾಗನ ಬೆಳೀಬೇಕಿತ್ತು. ಸೋತದ್ದು ನೆನಪಾದಾಗೊಮ್ಮೆ ಮಂದಿ ಅಕಿ ಮಾರಿ ನೋಡತಿದ್ರು. ನಂದಾದ್ರ ಗಂಡಸಿನ ಮಾರಿ, ನೋಡ್ಲಿ ಬಿಡು ಅಂದೆ."

ಮುತ್ಯಾ ಕೋಲಿಗೆ ಗದ್ದ ಊರಿದ. ಉಸಿರಾಟ ಗೊರಗೊರ ಎನ್ನುತ್ತಿತ್ತು. ಕೊನೆಗೆ ಕೇಳಿದ, "ಆ ಕುರಿ ಕಾಯಾಂವನ ಮಗಳ ಮದುವಿ ಆತೇನು?"

"ಆತ್ರಿ. ಆ ಸೀರ್‍ಯಾಗನ ಆತು. ಅವರಪ್ಪ ಮುಂದಿನ ವಾರ ಒಂದ ಗಡಿಗಿ ಬೆಣ್ಣಿ ತಂದಿಟ್ಟು ಹೋದಾ."

"ಹಾಂ! ಕಪ್ ಬಾದಾಮಿಯವರಿಗೆ, ಬೆಣ್ಣಿ ನಿನಗ. ನಮಗೇನು ಸಿಕ್ಕಿತಲೇ?"

ಯಾರೋ ಕಿಸಕ್ಕೆಂದರು. ಮುತ್ಯಾ ಕೂಡ ನಕ್ಕ. ನಗುತ್ತಿದ್ದವನ ಕಣ್ಣು ತುಂಬಿದ್ದವು. "ಸೋತದ್ದು ಸೋತಂಗ," ಎಂದ. "ಅದನ್ನ ನಾ ಮರಿಯಾಂವಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ಒಂಬತ್ತ ವರ್ಷ ನಿನ್ನ ಬೈದೆ. ನಿಮ್ಮ ಮನಿ ಬಾಗಲಿಗೆ ಬಂದು 'ಏನಾಗಿತ್ತೋ ತಮ್ಮಾ' ಅಂತ ಒಂದಿನಾನೂ ಕೇಳಲಿಲ್ಲ. ಬಾಗಲಾ ಇಪ್ಪತ್ತ ಹೆಜ್ಜಿಗಿತ್ತು." ಆಮೇಲೆ ಸುತ್ತಲಿದ್ದವರಿಗೆ, "ಸರೀರೋ, ಅಂವಗ ಕೂಡಾಕ ಜಾಗಾ ಬಿಡ್ರಿ" ಎಂದ.

ಹನ್ನೊಂದನೆಯ ಕಲ್ಲನ್ನು ಮುತ್ಯಾನೇ ಎತ್ತಿದ. ಸುತ್ತಿನೊಳಗೆ ಸರಿಯಾಗಿ ಕೂಡಲಿಲ್ಲ, ಗೆರೆಯ ಮೇಲೆ ಬಂತು. ಯಾರೂ ಅದನ್ನು ಸರಿಸಲಿಲ್ಲ. ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ತಿರುಗಿದಳು. ಬಜ್ಜಿ ಕಾಕಾ ಅವಳ ಹಿಂದೆ ಓಡಿ, ಹಾಳೆಯಲ್ಲಿ ಕಟ್ಟಿದ ಬಿಸಿ ಬಜ್ಜಿಯನ್ನು ಕೈಯಲ್ಲಿಟ್ಟು, ಒಂದು ಮಾತೂ ಆಡದೆ ಬಂದ. ಅವನಿಗೆ ಮಾತು ಸಿಗದೇ ಹೋದದ್ದನ್ನು ಓಣಿ ಅವತ್ತೊಂದೇ ಸಲ ನೋಡಿತು.

ಅಪ್ಪ ಕಟ್ಟೆಯ ತುದಿಗೆ ಕೂತ. ಆಮೇಲೆ ಮೆಲ್ಲಗೆ, "ಹುನಗುಂದದವರ ಜೋಡಿ ಆಡಿದ್ದು ನೆನಪೈತೇನ್ರಿ, ಜಿಟಿಜಿಟಿ ಮಳ್ಯಾಗ?" ಎಂದ. ಮುತ್ಯಾ ತಲೆ ಅಲ್ಲಾಡಿಸಿದ. ನೆನಪಿರಲಿಲ್ಲ. ಅಪ್ಪ ಹೇಳತೊಡಗಿದ. ಎರೆ ಮಣ್ಣು ಕಾಲಿಗೆ ಮೆತ್ತಿ ಒಬ್ಬೊಬ್ಬರ ಕಾಲು ಆನೆಯ ಕಾಲಿನಂತಾದದ್ದು, ಚೆಂಡು ನೀರು ಕುಡಿದು ಕುಂಬಳಕಾಯಿಯಷ್ಟು ಭಾರವಾದದ್ದು, ಅದನ್ನು ಮುತ್ಯಾ ಹಣೆಯಿಂದಲೇ ಗುದ್ದಿ ಗೋಲು ಹೊಡೆದದ್ದು, ಹಣೆಯ ರಕ್ತಕ್ಕೆ ಬರಿಗಾಲಿನ ಗೆಳೆಯ ತನ್ನ ಅಂಗಿ ಹರಿದು ಕಟ್ಟಿದ್ದು. ಹೇಳುತ್ತ ಹೇಳುತ್ತ ಅಪ್ಪ ಎದ್ದುನಿಂತ, ಗಾಳಿಯಲ್ಲಿ ಒದ್ದು ತೋರಿಸಿದ. ನಮ್ಮ ಅಪ್ಪನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಅವತ್ತೇ ತಿಳಿದದ್ದು. ಒಂಬತ್ತು ವರ್ಷ ಅಷ್ಟೆಲ್ಲ ಆಟಗಳನ್ನು ಒಳಗೇ ಇಟ್ಟುಕೊಂಡು ಮಗ್ಗದ ಕುಣಿಯಲ್ಲಿ ಕೂತಿದ್ದ.

ಮುತ್ಯಾ ಆ ವರ್ಷ ದಾಟಲಿಲ್ಲ. ಅವನ ಪಕ್ಕದಲ್ಲಿ ಕೂಡಲು ಅಪ್ಪನಿಗೆ ಆರೇಳು ಅಮಾವಾಸ್ಯೆ ಸಿಕ್ಕಿರಬೇಕು. ಹೆಚ್ಚೇನಲ್ಲ. ಆದರೆ ಅಕ್ಕ ಗಂಡನ ಮನೆಗೆ ಹೋಗುವ ಮೊದಲು ಆ ಮಾತು ಹೊರಬಿತ್ತು, ಮುತ್ಯಾ ಕಿವಿಯಾರೆ ಕೇಳಿಸಿಕೊಂಡು ಹೋದ, ಅವನನ್ನು ಹೊತ್ತವರಲ್ಲಿ ಅಪ್ಪನದೂ ಒಂದು ಹೆಗಲಿತ್ತು. ಬಸವಣ್ಣ ಇಷ್ಟು ನಡೆಸಿಕೊಟ್ಟ. ಕೊಡದೇ ಇದ್ದಿದ್ದರೆ ನಾವು ಯಾರನ್ನು ಕೇಳಲು ಹೋಗುತ್ತಿದ್ದೆವು?

ಮಕ್ಕಳೇ, ನಿಮ್ಮ ಆಟ ನೋಡಿದರೆ ನನಗೆ ಸಂತೋಷ. ಸಮುದ್ರದಾಚೆಯ ಆಟಗಾರರ ಹೆಸರು ನಿಮಗೆ ಬಾಯಿಪಾಠ. ಹಳೆಯ ಗೋಲು ಬೇಕೆಂದರೆ ಮೊಬೈಲಿನಲ್ಲಿ ಹತ್ತು ಸಲ ನೋಡುತ್ತೀರಿ. ನಮ್ಮ ಕಾಲದ ಗೋಲು, ಹೇಳುವವನ ಬಾಯಿ ಇರುವವರೆಗೆ ಮಾತ್ರ ಇರುತ್ತಿತ್ತು. ಒಬ್ಬನಿಗೆ ಕಾಲು ಉಳುಕಿದರೆ ನಿಮ್ಮಲ್ಲಿ ಇನ್ನೊಬ್ಬ ಇಳಿಯುತ್ತಾನೆ. ಹುಡುಗಿಯರೂ ಬೂಟು ಹಾಕಿಕೊಂಡು ಮೈದಾನಕ್ಕೆ ಹೋಗುತ್ತೀರಿ. ನಮ್ಮ ಅಕ್ಕ ಇದನ್ನು ನೋಡಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

ಆದರೆ ಮೊನ್ನೆ, ಚಿನ್ನಾ, ನೀನು ಬಂದು ನನಗೆ ಒಂದು ಸುದ್ದಿ ಹೇಳಿದೆ. ಆಟದ ದಿನ ನಿಮ್ಮ ತಂಡದ ಒಬ್ಬ ಹುಡುಗಿ ಬರಲಿಲ್ಲ, ನೀವು ಸೋತಿರಿ, ಸಿಟ್ಟು ಬಂದು ಅವಳ ಹೆಸರನ್ನು ಮೊಬೈಲಿನ ಗುಂಪಿನಿಂದ ನೀನು ತೆಗೆದುಹಾಕಿದೆಯಂತೆ. ಒಂದು ಬೆರಳಿನ ಕೆಲಸ, ಮುಗಿಯಿತು. ಅದಕ್ಕೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು. ಅವಳ ಮನೆ ನಮ್ಮಿಂದ ಎರಡೇ ಓಣಿ ಆಚೆ ಇದೆ. ಇದನ್ನು ಓದಿ ಮುಗಿಸಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೋಗು. ಬಾಗಿಲು ಬಡಿ. ಯಾಕೆ ಬರಲಿಲ್ಲ ಎಂದು ಗದರಬೇಡ. ಏನಾಗಿತ್ತು ಎಂದು ಕೇಳು.