ಗಾಡಿಯ ಗಾಲಿಗೆ ಕಟ್ಟಿದ ದುರ್ಬೀನು

ನಮ್ಮ ಅತ್ತೆಯ ಬಲಗೈ ಬೆರಳುಗಳ ತುದಿ ಕಪ್ಪಗಿದ್ದವು. ಫೋಟೋ ತೊಳೆಯುವ ಔಷಧಿಯ ಕಲೆ ಅದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದ ರೊಟ್ಟಿ ಬಡಿದರೆ ಉಣ್ಣುವುದು ಹೇಗೆಂದು ಬೀಗರು ಮುಖ ಸಿಂಡರಿಸಿದರೆ, "ಹಂಗಾರ ಉಪಾಸ ಇರ್ರಿ" ಅನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ಉಮದಿಯ ಪೇಟೆಯಲ್ಲಿದ್ದ ಅವರ ಫೋಟೋ ಅಂಗಡಿಯನ್ನು ಅತ್ತೆಯೇ ನಡೆಸಿದರು. ವಿಧವೆಯ ಮುಂದೆ ಕೂತು ಮದುವೆ ಫೋಟೋ ತೆಗೆಸಬಾರದೆಂದು ಅಂದವರೇ ಆಮೇಲೆ ಸಂತೆಯ ದಿನ ಬಾಗಿಲಲ್ಲಿ ಪಾಳಿ ಹಚ್ಚಿದರು. ಬೇರೆ ಫೋಟೋ ಅಂಗಡಿ ಜತ್ತಿನಲ್ಲಿತ್ತು, ಅಷ್ಟು ದೂರ ಯಾರು ಹೋಗುತ್ತಾರೆ?

ಐವತ್ತೇಳರ ಬೇಸಿಗೆಯಲ್ಲಿ ಬಾಲಚುಕ್ಕಿ ಬಂತು. ಹೊತ್ತು ಮುಳುಗಿದ ಮೇಲೆ ವಾಯವ್ಯದಲ್ಲಿ, ಉದ್ದ ಬಾಲ ಚಾಚಿಕೊಂಡು ನಿಲ್ಲುತ್ತಿತ್ತಂತೆ. ಅಂತೆ ಯಾಕೆಂದರೆ ನಾನು ನೋಡುವಂತಿರಲಿಲ್ಲ. ನಾನು ಬಸುರಿ, ಮೊದಲಿನದೊಂದು ಹೊಟ್ಟೆಯಲ್ಲೇ ಹೋಗಿತ್ತು. ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದರು. ಮನೆಗೆ ಹಿರಿಯರೆಂದರೆ ಮಾವನ ಅಣ್ಣ, ನಮ್ಮ ದೊಡ್ಡ ಮಾವ. ಸಂಜೆಯಾದರೆ ಅವರು ಕಿಟಕಿ ಹಾಕಿಸಿ ನನ್ನನ್ನು ಒಳಗೆ ಕೂಡಿಸುತ್ತಿದ್ದರು. ಬಸುರಿ ಅದನ್ನು ನೋಡಿದರೆ ಕೂಸಿಗೆ ಕುಂದು ಬರುತ್ತದೆ ಎಂಬುದು ಅವರ ಮಾತು. ಸೆಕೆಗೆ ಬೆಂದುಹೋಗುತ್ತಿದ್ದೆ.

ಅತ್ತೆಗೆ ಆ ಚುಕ್ಕಿಯ ಫೋಟೋ ಬೇಕಿತ್ತು, ಅದೂ ಬಾಲದ ತುದಿಯವರೆಗೆ. ಯುದ್ಧ ಮುಗಿದ ಮೇಲೆ ಮಿರಜದ ಹರಾಜಿನಲ್ಲಿ ಮಾವ ಕೊಂಡಿದ್ದ ಹಿತ್ತಾಳೆಯ ದುರ್ಬೀನು ಮನೆಯಲ್ಲಿತ್ತು. ಅದರ ಹಿಂದೆ ಕ್ಯಾಮೆರಾ ಹಚ್ಚಿ, ಫೋಟೋ ಮೂಡುವ ಗಾಜಿನ ಮೊದಲ ಪ್ಲೇಟು ತೆಗೆದರು. ತೊಳೆದು ನೋಡಿದರೆ ಬರೀ ಚುಕ್ಕಿಯ ತಲೆ, ಮಂಜಿನ ಉಂಡೆಯಂತೆ. "ಮದಿವಿ ಫೋಟೋದಾಗ ಮದುಮಗನ ಮೂಗಷ್ಟ ಬಂದಂಗ ಆತು" ಎಂದು ನಕ್ಕರು. ಹತ್ತಿರ ತೋರಿಸುವ ದುರ್ಬೀನಿನಲ್ಲಿ ಆಕಾಶದ ಚೂರು ಮಾತ್ರ ಹಿಡಿಸುತ್ತದೆ. ಮರುಸಂಜೆ ದುರ್ಬೀನು ಬಿಟ್ಟು, ಮದುವೆಯ ಗುಂಪು ತೆಗೆಯುವ ಅಗಲ ನೋಟದ ಕ್ಯಾಮೆರಾ ಒಂದನ್ನೇ ಇಟ್ಟರು. ಬಾಲವೆಲ್ಲ ಹಿಡಿಸಿತು, ಆದರೆ ಕಾಲು ತಾಸು ತೆರೆದಿಡುವಷ್ಟರಲ್ಲಿ ಆಕಾಶ ಸರಿದು ಎಲ್ಲಾ ಗೀರುಗೀರಾಯಿತು. ಉಳಿದದ್ದು ಒಂದೇ ಪ್ಲೇಟು.

ಆಗ ಅವರಿಗೆ ಹಿತ್ತಲಿನ ಗಾಡಿ ಕಂಡಿತು. ಅಚ್ಚು ತೆಂಕಣದಿಂದ ಬಡಗಣಕ್ಕೆ ಬರುವಂತೆ ಗಾಡಿ ನಿಲ್ಲಿಸಿ, ಬಡಗಣದ ಕಡೆ ಅಚ್ಚಿನ ಕೆಳಗೆ ಕಲ್ಲು ಪೇರಿಸಿ ಅದರ ಮುಖ ಧ್ರುವ ನಕ್ಷತ್ರಕ್ಕೆ ಮಾಡಿದರು. ನಮ್ಮ ಕಡೆ ಧ್ರುವ ತಗ್ಗಿನಲ್ಲೇ ಇರುವುದರಿಂದ ಹೆಚ್ಚು ಎತ್ತಬೇಕಾಗಲಿಲ್ಲ. ಆಕಾಶವೆಲ್ಲ ಧ್ರುವದ ಸುತ್ತಲೇ ತಿರುಗುವುದರಿಂದ, ನೆಲ ಬಿಟ್ಟ ಗಾಲಿಯನ್ನು ಮೆಲ್ಲಗೆ ತಿರುಗಿಸಿದರೆ ನಕ್ಷತ್ರಗಳ ಜೊತೆಗೇ ತಿರುಗುತ್ತಿತ್ತು. ಗಾಲಿಗೆ ಕ್ಯಾಮೆರಾ ಬಿಗಿದರು, ಅದರ ಮಗ್ಗುಲಿಗೆ ದುರ್ಬೀನನ್ನೂ ಬಿಗಿದರು. ಫೋಟೋ ತೆಗೆಯುವುದು ಕ್ಯಾಮೆರಾ; ಚುಕ್ಕಿ ಸರಿಯಿತೋ ಇಲ್ಲವೋ ಎಂದು ಕಾಯುವುದು ದುರ್ಬೀನು. ಅದರೊಳಗೆ ನನ್ನವೇ ಎರಡು ಕೂದಲನ್ನು ಅಡ್ಡಡ್ಡ ಅಂಟಿಸಿದ್ದರು, ಗುರುತಿಗೆ.

ಈ ಕೆಲಸಕ್ಕೆ ಇಬ್ಬರು ಬೇಕು. ಅತ್ತೆ ಬಂದು ನನ್ನ ಕೋಣೆಯ ಬಾಗಿಲು ತೆಗೆದರು.

"ಬಾ ಬೇ. ಗಾಲಿ ನಾ ದೂಡ್ತೀನಿ, ನಿನಗ ಭಾರದ ಕೆಲಸ ಬ್ಯಾಡ. ನೀ ನೋಡು."

"ದೊಡ್ಡ ಮಾವ ಬೈತಾರ್ರಿ ಅತ್ತಿ."

"ಬೈಲಿ. ನನ್ನ ಬೈಲಿ."

ಹೋದೆ. ಕಣ್ಣಿಟ್ಟು ಕೂತೆ. ಚುಕ್ಕಿಯ ತಲೆ ಕೂದಲ ಗುರುತಿನಿಂದ ಜಾರಿದಾಗ "ತುಸು" ಅನ್ನುತ್ತಿದ್ದೆ, ಅತ್ತೆ ಉಸಿರು ಬಿಗಿಹಿಡಿದು ಗಾಲಿಯನ್ನು ಕೂದಲೆಳೆಯಷ್ಟು ದೂಡುತ್ತಿದ್ದರು. ತುಸು, ಇನ್ನೊಂದು ತುಸು, ಸಾಕು. ಹೆದರಿಕೆಯಾಗಲಿಲ್ಲ. ಅಷ್ಟು ಚೆಂದದ್ದನ್ನು ನನ್ನಿಂದ ಮುಚ್ಚಿಟ್ಟಿದ್ದರಲ್ಲ ಎಂದು ಸಿಟ್ಟು ಬಂತು, ಅಷ್ಟೇ.

ಪ್ಲೇಟಿನಲ್ಲಿ ಬಾಲ ಮೂಲೆಯಿಂದ ಮೂಲೆಗೆ ಬಂದಿತ್ತು. ಸುತ್ತಲಿನ ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ. ಅತ್ತೆ ಅದನ್ನು ಕಾಗದಕ್ಕೆ ಇಳಿಸಿ ಅಂಗಡಿಯ ಮುಂದೆ ತೂಗುಹಾಕಿದರು. ದುರ್ಬೀನಿಗೆ ಕಣ್ಣಿಟ್ಟು ಕಾದವರು ಯಾರೆಂದು ಕೇಳಿದವರಿಗೆಲ್ಲ "ನಮ್ಮ ಸೊಸಿ" ಎಂದು ಹೇಳಿದರು.

ಕೂಸು ಹುಟ್ಟಿತು, ಹೆಣ್ಣು. ಎಡಗಾಲಿನ ಪಾದ ಒಳಮುಖವಾಗಿ ತಿರುಗಿತ್ತು.

ಓಣಿಗೆ ಓಣಿಯೇ ಬಂದು ನೋಡಿತು. ನನಗೂ ಎದೆ ಒಡೆಯಿತು. "ಅತ್ತಿ, ನಾ ನೋಡಬಾರದಿತ್ತೇನ್ರಿ?" ಎಂದೆ. ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

"ಅಳೋದಾದ್ರ ಅಳು. ಸುಳ್ಳಿಗೆ ಅಳಬ್ಯಾಡ."

ತೊಟ್ಟಿಲಿಗೆ ಹಾಕುವ ದಿನ ದೊಡ್ಡ ಮಾವ ನೆರೆದವರ ಎದುರಿಗೆ ಹೇಳಿದರು: "ಆ ಫೋಟೋ ಸುಟ್ಟು ಬಿಡ್ರಿ. ಮನಿತನಕ್ಕ ಹತ್ತಿದ್ದು ಇಷ್ಟಕ್ಕ ಸಾಕು."

ಭಾವನ ಎದುರಿಗೆ ಎಂದೂ ನಿಂತು ಮಾತಾಡದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ಬಾಗಲಾ ಹಾಕ್ಕೊಂಡು ಕುಂತವರ ಮಕ್ಕಳೆಲ್ಲಾ ನೆಟ್ಟಗ ಹುಟ್ಟ್ಯಾವೇನ್ರಿ? ಹೋದ ಸಲ ಯಾವ ಚುಕ್ಕಿನೂ ಇರಲಿಲ್ಲ, ಆ ಕೂಸು ಯಾಕ ಉಳೀಲಿಲ್ಲ? ಹೇಳ್ರಿ." ಹಾಗಂದವರೇ ಅಂಗಡಿಗೆ ಹೋಗಿ ಫೋಟೋ ತಂದು ತೊಟ್ಟಿಲ ಮೇಲಿನ ಗೋಡೆಗೆ ಮೊಳೆ ಹೊಡೆದು ಹಾಕಿದರು.

ಮರುದಿನ ನಸುಕಿನ ಬಸ್ಸಿಗೆ ಕೂಸನ್ನೆತ್ತಿಕೊಂಡು ಮಿರಜದ ದವಾಖಾನೆಗೆ ಹೊರಟರು, ಹಸಿ ಬಾಣಂತಿ ನಾನು ಹಿಂದೆ. ಪ್ಲಾಸ್ಟರು ಹಾಕಿಸುವುದು, ಬಿಚ್ಚಿಸುವುದು, ಮತ್ತೆ ಹಾಕಿಸುವುದು. ಅಂಗಡಿ ಮುಚ್ಚಿಕೊಂಡು ಎಷ್ಟು ಸಲ ಅಲೆದರೋ. ಮಗಳು ನಡೆದಳು. ತುಸು ಎಳೆದು ನಡೆಯುತ್ತಾಳೆ, ಈಗಲೂ. ಊರಿನ ಸಾಲೆಗೆ ಹಾಗೆಯೇ ನಡೆದು ಹೋಗಿ ಕಲಿತಳು.

ಅತ್ತೆ ತೀರಿಕೊಂಡಾಗ ಅವಳು ತುಂಬು ಬಸುರಿ. ಗಂಡನ ಊರಿನಿಂದ ಬಸ್ಸು ಹಿಡಿದು ಬಂದಿದ್ದಳು. ಹೆಣ ಕೂರಿಸಿದ್ದ ಪಡಸಾಲೆಯ ಬಾಗಿಲಲ್ಲಿ ಹೆಂಗಸರು ಅವಳನ್ನು ತಡೆದರು. ಬಸುರಿ ಹೆಣದ ಮುಖ ನೋಡಬಾರದು, ಕೂಸಿಗೆ ಚಲೋ ಅಲ್ಲ, ಹೊರಗೇ ನಿಂತು ಕೈ ಮುಗಿ ಎಂದರು. ಅವಳು ಹೊಸ್ತಿಲಾಚೆ ನಿಂತು ನನ್ನನ್ನೇ ನೋಡುತ್ತಿದ್ದಳು.

ನಾನು ಎದ್ದು ಹೋಗಿ ಅವಳ ಕೈ ಹಿಡಿದೆ.

"ಅತ್ತಾಗ ಸರೀರಿ" ಎಂದೆ ಆ ಹೆಂಗಸರಿಗೆ. "ಬಾರವ್ವ. ನಿಮ್ಮಜ್ಜಿ ಮುಖ ನೋಡು. ಕಣ್ತುಂಬ ನೋಡು."