ತಲುಪಿದೆ ಎಂದ ಪುಟ

ಗುರುವಾರದ ಮೇಡಂ ಎಂದರೆ ಜಾಲತಾಣ ಕಟ್ಟುವವರಲ್ಲಿ ತಿಳಿಯದವರು ಕಡಿಮೆ, ಮುಖ ಕಂಡವರು ಅದಕ್ಕೂ ಕಡಿಮೆ. ಹದಿನೇಳು ವರ್ಷ, ಒಂದು ವಾರವೂ ತಪ್ಪದೆ, ಗುರುವಾರ ಬೆಳಗ್ಗೆ ಹತ್ತಕ್ಕೆ ಅವಳ ಪತ್ರ ಎಲ್ಲರ ಇಮೇಲಿಗೆ ಬಂದು ಬೀಳುತ್ತಿತ್ತು. ಮೇಲರ್ಧ ಸುದ್ದಿ: ಯಾವ ಬ್ರೌಸರಿಗೆ ಹೊಸದೇನು ಬಂತು, ಯಾವ ಹಳೇ ವಿಧಾನದ ಕಥೆ ಮುಗಿಯಿತು, ಯಾವ ಪುಸ್ತಕ ಓದಬಹುದು, ಯಾವುದರ ಹತ್ತಿರ ಸುಳಿಯಬಾರದು. ಕೆಳಗರ್ಧ ಪಾಠ. ಒತ್ತಿದರೆ ಮಾತಾಡುವ, ಎಳೆದರೆ ಸರಿಯುವ, ಬಳಸುವವರ ಜೊತೆ ಕೊಟ್ಟು ತೆಗೆದುಕೊಳ್ಳುವ ತಾಣಗಳನ್ನು ಕಟ್ಟುವುದು ಹೇಗೆ ಎಂಬುದು. ದೊಡ್ಡ ದೊಡ್ಡ ತರಗತಿಗಳಲ್ಲಿ ಆರು ತಿಂಗಳು ಕೂತರೂ ತಲೆಗೆ ಹತ್ತದ್ದು ಅವಳ ಒಂದು ಪುಟದಲ್ಲಿ ಹತ್ತುತ್ತದೆ ಎಂದು ಜನ ಹೇಳುತ್ತಿದ್ದರು. ಪಾಠ ಒಂದು ಪುಟ ದಾಟಕೂಡದು ಎನ್ನುವುದು ಅವಳ ಹಟ.

ಇನ್ನೊಂದು ಹಟವೂ ಇತ್ತು. ಒತ್ತಿದವರನ್ನು ಕಾಯಿಸಕೂಡದು. ಬಟನ್ ಒತ್ತಿ, ಪರದೆಯ ಮೇಲೆ ಗಿರಗಿರ ತಿರುಗುವ ಚಕ್ರವನ್ನು ಮಿಕಿಮಿಕಿ ನೋಡುತ್ತ ಕೂರುವುದೆಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. 'ಕಾಯಿಸದ ಬಟನ್' ಎಂಬ ಅವಳ ಪಾಠ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿತ್ತು. ಕಳುಹಿಸಿದ ಸಂದೇಶ ಆ ಕಡೆ ಮುಟ್ಟುವ ಮೊದಲೇ 'ತಲುಪಿದೆ' ಎಂದು ತೋರಿಸಿಬಿಡಿ. ನೂರಕ್ಕೆ ತೊಂಬತ್ತೊಂಬತ್ತು ಸಲ ತಲುಪಿಯೇ ತಲುಪುತ್ತದೆ. ಒತ್ತಿದವರ ಜೀವ ತಣ್ಣಗಿರುತ್ತದೆ. ಹನ್ನೊಂದು ವರ್ಷದ ಹಿಂದಿನ ಪಾಠ ಅದು. ಎಷ್ಟು ಜನ ಎತ್ತಿಕೊಂಡು ತಮ್ಮ ತಮ್ಮ ತಾಣಗಳಿಗೆ ಅಂಟಿಸಿಕೊಂಡರೋ ಲೆಕ್ಕವಿಲ್ಲ.

ಮನೆಯಲ್ಲಿ ಅವಳು ಯಾವ ಮೇಡಮ್ಮೂ ಅಲ್ಲ, ಬರೀ ತಂಗಿ. ಎರಡನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ, ಅವಳು, ಅವಳ ಅಕ್ಕ. ಅಮ್ಮ ಹೋದಾಗ ತಂಗಿಗೆ ಹನ್ನೊಂದು ವರ್ಷ, ಅಕ್ಕನಿಗೆ ಇಪ್ಪತ್ತು. ಓದು ಅರ್ಧಕ್ಕೇ ಬಿಟ್ಟು ಅಕ್ಕ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಮೂವತ್ತಾರು ವರ್ಷ ಬೇರೆಯವರ ತಪ್ಪು ಹುಡುಕಿ ಹುಡುಕಿ ಅವಳ ಕಣ್ಣು ಎಷ್ಟು ಚುರುಕಾಗಿತ್ತೆಂದರೆ ಔಷಧಿ ಚೀಟಿ ಕೈಗೆ ಬಂದರೂ ಮೊದಲು ಅದರಲ್ಲಿ ಒತ್ತಕ್ಷರ ತಪ್ಪಿದೆಯೇ ಎಂದು ನೋಡುತ್ತಿದ್ದಳು.

ಬುಧವಾರ ಸಂಜೆ ತಂಗಿ ಪತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿ ಅಕ್ಕನ ಮುಂದಿಡಬೇಕು. ಅಕ್ಕ ಕೆಂಪು ಪೆನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಓದುತ್ತಾಳೆ. ಕೋಡು ಎಂದರೆ ಅವಳಿಗೆ ಗಂಧಗಾಳಿ ಗೊತ್ತಿಲ್ಲ. ಆದರೂ ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳುತ್ತಾಳೆ: "ಇಲ್ಲಿ ತೆರೆದಿದ್ದು ಎಲ್ಲೂ ಮುಚ್ಚಿಲ್ಲ ನೋಡೇ."

"ನಿಂಗೇನು ಗೊತ್ತಾಗುತ್ತಕ್ಕಾ ಅದು?"

"ಗೊತ್ತಾಗಬೇಕಾ? ಎರಡು ಕಂಸ ಬಾಯಿ ತೆರೆದಿದೆ, ಒಂದು ಮಾತ್ರ ಮುಚ್ಚಿದೆ. ಇನ್ನೊಂದು ಎಲ್ಲಿ ಹೋಯ್ತು?"

ತಂಗಿ ನೋಡಿದರೆ ಇನ್ನೊಂದು ನಿಜಕ್ಕೂ ಇರುತ್ತಿರಲಿಲ್ಲ. ಅಕ್ಕ ಗುರುತಿಸಿದ ಕಡೆ ತಂಗಿ ಒಪ್ಪದಿದ್ದರೆ ಅಂಚಿನಲ್ಲಿ 'ಇರಲಿ' ಎಂದು ಬರೆದರೆ ಸಾಕು, ಅಕ್ಕ ಪಕ್ಕದಲ್ಲಿ ಒಂದು ಸಣ್ಣ ಗೀಟು ಎಳೆದು ಸುಮ್ಮನಾಗುತ್ತಿದ್ದಳು. ಬರೆದವರ ಮಾತೇ ಕೊನೆ, ಅದು ಮುದ್ರಣಾಲಯದ ಕಟ್ಟಳೆ. ಆ ಕರಡುಗಳನ್ನೆಲ್ಲ ಅಕ್ಕ ವರ್ಷವಾರು ಕಟ್ಟಿ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಇದನ್ನೆಲ್ಲ ಯಾವ ಮ್ಯೂಸಿಯಮ್ಮಿಗೆ ಕೂಡಿಡುತ್ತೀ ಎಂದು ತಂಗಿ ರೇಗಿಸುತ್ತಿದ್ದಳು.

ಪಾಠದಲ್ಲಿ ಉದಾಹರಣೆಗೆ ಒಬ್ಬರು ಇನ್ನೊಬ್ಬರಿಗೆ ಸಂದೇಶ ಕಳುಹಿಸಬೇಕಲ್ಲ, ತಂಗಿಯ ಪಾಠಗಳಲ್ಲಿ ಯಾವಾಗಲೂ ತಂಗಿಯೇ ಅಕ್ಕನಿಗೆ ಕಳುಹಿಸುವುದು. ಪ್ರಪಂಚದಲ್ಲಿ ಅವಳಿಗೆ ಸಂದೇಶ ಕಳುಹಿಸಲು ಬೇರೆ ಯಾರಿದ್ದರು.

ಎರಡು ವರ್ಷದ ಹಿಂದೆ ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಒಂದು ಸರದಿ ತಪ್ಪಿದರೂ ಈ ಜೀವ ತಡೆಯುವುದಿಲ್ಲ, ಹೃದಯ ಮೊದಲೇ ಸೋತಿದೆ ಎಂದು ವೈದ್ಯೆ ಕಡ್ಡಿ ಮುರಿದಂತೆ ಹೇಳಿದ್ದರು. ಅದರ ಮೇಲೆ ಸೊಂಟದ ಮೂಳೆ ಮುರಿದು ಗಾಲಿಕುರ್ಚಿಯೂ ಬಂತು. ಕೇಂದ್ರದ ವಾಹನ ಬೆಳಗ್ಗೆ ಆರೂವರೆಗೆ ಬರುತ್ತಿತ್ತು. ಅದರಲ್ಲಿ ಇಬ್ಬರು ಗಟ್ಟಿ ಆಳುಗಳು. ಕುರ್ಚಿಸಮೇತ ಅಕ್ಕನನ್ನು ಎರಡು ಮಹಡಿ ಇಳಿಸಿ, ಹಲಗೆಯ ಮೇಲೆ ತಳ್ಳಿ ಒಳಗೆ ಕೂರಿಸುತ್ತಿದ್ದರು. ಗುರುವಾರಗಳಂದು ತಂಗಿ ಯಂತ್ರದ ಪಕ್ಕದಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಪತ್ರ ಕಳುಹಿಸುತ್ತಿದ್ದಳು. ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು ಮಲಗಿದ ಅಕ್ಕ "ಆ ಮೂರನೇ ಸಾಲು ತಿದ್ದಿದೆಯಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಮೊದಲೆಲ್ಲ ವಾಹನ ಬೇಕೆಂದು ಫೋನ್ ಮಾಡಬೇಕಿತ್ತು. ಆರು ತಿಂಗಳ ಹಿಂದೆ ಕೇಂದ್ರದವರು ಅದಕ್ಕೊಂದು ಪುಟ ಮಾಡಿದರು. ಹಿಂದಿನ ದಿನ ಅಥವಾ ಆ ಬೆಳಗ್ಗೆ ಬಟನ್ ಒತ್ತಿದರೆ ಮುಗಿಯಿತು, ಆ ಕ್ಷಣವೇ ಹಸಿರು ಅಕ್ಷರ: 'ನಿಮ್ಮ ಕೋರಿಕೆ ತಲುಪಿದೆ. ವಾಹನ ಬರುತ್ತದೆ.' ಅಕ್ಕನೇ ಒತ್ತುತ್ತಿದ್ದಳು, ಅದೊಂದು ಅವಳ ಖುಷಿ. ತಂಗಿ ಮೊದಲ ಸಲ ಅದನ್ನು ನೋಡಿ ತಲೆದೂಗಿದಳು.

"ನೋಡಕ್ಕಾ, ಒಂಚೂರೂ ಕಾಯಿಸಲ್ಲ. ಮಾಡಿದವರು ಯಾರೋ ಒಳ್ಳೇ ಕಡೆ ಕಲಿತಿದಾರೆ."

"ನಿನ್ನ ಹತ್ರಾನೇ ಕಲಿತಿರಬೇಕು ಬಿಡು," ಎಂದಳು ಅಕ್ಕ. ತಂಗಿ ಒಳಗೊಳಗೇ ಉಬ್ಬಿದಳು.

ಆ ಶನಿವಾರ ಅಕ್ಕ ಐದೂಮುಕ್ಕಾಲಿಗೆ ಬಟನ್ ಒತ್ತಿದಳು. ಹಸಿರು ಅಕ್ಷರ ಬಂತು. ಶಾಲು ಹೊದ್ದು, ಚೀಲ ಮಡಿಲಲ್ಲಿಟ್ಟುಕೊಂಡು, ಬಾಗಿಲ ಬಳಿ ಕುರ್ಚಿಯಲ್ಲಿ ತಯಾರಾಗಿ ಕೂತಳು. ಆರೂವರೆ ಆಯಿತು, ಏಳಾಯಿತು. ತಂಗಿ ಕಿಟಕಿಗೂ ಬಾಗಿಲಿಗೂ ಓಡಾಡಿದಳು.

"ಬರುತ್ತೆ ಬಿಡೇ," ಎಂದಳು ಅಕ್ಕ. "ತಲುಪಿದೆ ಅಂತ ತೋರಿಸ್ತಲ್ಲ."

ತಂಗಿ ಫೋನು ತೆಗೆದು ಆ ಹಸಿರು ಅಕ್ಷರವನ್ನು ಮತ್ತೆ ನೋಡಿದಳು. ಅದು ಅಲ್ಲೇ ಇತ್ತು. ದಾರಿಯಲ್ಲಿ ಟೈರು ಗೀರು ಹೋಗಿರಬೇಕು ಎಂದುಕೊಂಡಳು. ಏಳೂವರೆಗೆ ಕೇಂದ್ರಕ್ಕೆ ಫೋನ್ ಮಾಡಿದರೆ, ವಾಹನಕ್ಕೆ ದಯವಿಟ್ಟು ನಮ್ಮ ಪುಟ ಬಳಸಿ ಎಂದು ಮೊದಲೇ ಹಿಡಿದಿಟ್ಟ ದನಿ ಹೇಳಿತು. ಬಳಸಿಯಾಗಿದೆಯಲ್ಲ ತಾಯಿ, ಇನ್ನೇನು ಮಾಡಲಿ. ಎಂಟಾಯಿತು. ಎಂಟೂಮುಕ್ಕಾಲಿಗೆ ತಂಗಿಯ ಸಹನೆ ಮುಗಿಯಿತು. ಬಾಡಿಗೆ ಕಾರು ಕರೆಸಿ, ಕೆಳಮನೆಯ ಬಡಗಿಯನ್ನೂ ಅವನ ಅಳಿಯನನ್ನೂ ಕೈಮುಗಿದು ಕರೆದು, ಕುರ್ಚಿ ಇಳಿಸಿ, ಕೇಂದ್ರ ಮುಟ್ಟುವ ಹೊತ್ತಿಗೆ ಹತ್ತು ದಾಟಿತ್ತು.

ದಾದಿ ಪಟ್ಟಿ ನೋಡಿ ಮುಖ ಎತ್ತಿದಳು. "ನಿಮ್ಮ ಕೋರಿಕೆನೇ ಬಂದಿಲ್ವಲ್ಲ. ಇವತ್ತು ಬರಲ್ಲ ಅಂದ್ಕೊಂಡು ನಿಮ್ಮ ಯಂತ್ರ ಬೇರೆಯವ್ರಿಗೆ ಕೊಟ್ವಿ."

"ತಲುಪಿದೆ ಅಂತ ಬಂದಿದೆ, ನೋಡಿ ಇಲ್ಲಿ."

"ಇಲ್ಲಿ ಬಂದಿಲ್ಲಮ್ಮ. ಸಂಜೆವರೆಗೂ ಯಾವುದೂ ಖಾಲಿ ಇಲ್ಲ, ಆಮೇಲೆ ಬಾಗಿಲು ಹಾಕ್ತೀವಿ, ನಾಳೆ ರಜ. ಸೋಮವಾರ ಮೊದಲ ಸರದಿ ಬರ್ಕೋತೀನಿ. ಅಲ್ಲೀವರೆಗೂ ನೀರು ಕುಡಿಯೋದು ಕಡಿಮೆ ಮಾಡಿ."

ತಂಗಿ ಗೋಗರೆದಳು, ಕೂಗಾಡಿದಳು, ಮತ್ತೆ ಗೋಗರೆದಳು. ಒಳಗಿದ್ದ ಹನ್ನೆರಡು ಹಾಸಿಗೆಗಳಲ್ಲೂ ಹನ್ನೆರಡು ಜನ ಮಲಗಿದ್ದರು. ಅವರಲ್ಲಿ ಯಾರನ್ನು ಎಬ್ಬಿಸಿ ಎನ್ನುವುದು? ಬೇರೆ ಕೇಂದ್ರಗಳಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಉತ್ತರ. ವಾಪಸು ಬಂದರು. ಭಾನುವಾರವಿಡೀ ಅಕ್ಕ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿಕೊಂಡು ಕಳೆದಳು. ಸಂಜೆಗೆ ಉಸಿರು ಮೇಲೆ ಮೇಲೆ ಬರತೊಡಗಿತು. ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಹೋದರು. ಸೋಮವಾರ ಬೆಳಗ್ಗೆ, ಮೊದಲ ಸರದಿಯ ಹೊತ್ತಿಗೆ, ಅಕ್ಕ ಇರಲಿಲ್ಲ.

ಆ ಗುರುವಾರ ಪತ್ರ ಹೋಗಲಿಲ್ಲ, ಹದಿನೇಳು ವರ್ಷದಲ್ಲಿ ಮೊದಲ ಸಲ. 'ಪತ್ರ ಎಲ್ಲಿ ಮೇಡಂ' ಎಂದು ನೂರಾರು ಇಮೇಲು ಬಂದವು. ಅವಳು ಒಂದನ್ನೂ ತೆರೆಯಲಿಲ್ಲ. ಹಗಲೆಲ್ಲ ಖಾಲಿ ಕುರ್ಚಿಯ ಎದುರು ಕೂತಿದ್ದಳು. ಅಳು ಬರಲಿಲ್ಲ, ಸಿಟ್ಟು ಬಂತು. ಕೊಲೆಯಾಗಿದೆ ಎಂದೇ ಅವಳ ಮನಸ್ಸು ಹೇಳುತ್ತಿತ್ತು. ತಲುಪದ್ದನ್ನು ತಲುಪಿದೆ ಎಂದು ಯಾವನೋ ಸುಳ್ಳು ಹೇಳಿದ್ದಾನೆ, ಅವನ ಕೊರಳಪಟ್ಟಿ ಹಿಡಿಯಬೇಕು.

ಮರುವಾರ ಸೋಮವಾರ ಅವಳು ಕೇಂದ್ರಕ್ಕೆ ಹೋಗಿ, ಆ ಪುಟ ಮಾಡಿದವನನ್ನು ತೋರಿಸಿ ಎಂದು ಮೇಜು ಗುದ್ದಿದಳು. ಔಷಧಿ ಡಬ್ಬಗಳನ್ನು ಪೇರಿಸಿಟ್ಟ ಕಿರುಕೋಣೆಯೊಂದಕ್ಕೆ ಕರೆದೊಯ್ದರು. ಅಲ್ಲಿ ನಲವತ್ತು ದಾಟಿದ ನರಪೇತಲ ಮನುಷ್ಯ, ಕೇಂದ್ರದ ಕಂಪ್ಯೂಟರು, ಪ್ರಿಂಟರು, ಪುಟ ಎಲ್ಲಕ್ಕೂ ಅವನೊಬ್ಬನೇ. ಬೈಗುಳವನ್ನು ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಬೆಳಗ್ಗೆ ಸರ್ವರ್ ಬದಲಾಯಿಸುವಾಗ ಇಪ್ಪತ್ತು ನಿಮಿಷ ಸಂಪರ್ಕ ಇರಲಿಲ್ಲ ಎಂದ. ಏಳು ಕೋರಿಕೆ ದಾರಿಯಲ್ಲೇ ಕಳೆದುಹೋದವು.

"ಏಳು ಜನಾನಾ? ಉಳಿದ ಆರು ಜನ?"

"ಅವ್ರು ಏಳು ಗಂಟೆವರೆಗೂ ನೋಡಿ, ತಾವೇ ಆಟೋನೋ ಕಾರೋ ಹಿಡ್ಕೊಂಡು ಬಂದ್ಬಿಟ್ರು ಮೇಡಂ." ಅವನು ತಡವರಿಸಿದ. "ಪರದೆ ನಂಬ್ಕೊಂಡು ಕಾದಿದ್ದು ನೀವೊಬ್ರೇ."

ತಂಗಿ ಅವನ ಮೇಜಿನ ಹತ್ತಿರ ಸರಿದಳು. ಆಮೇಲೆ ಹಲ್ಲು ಕಚ್ಚಿ ಹೇಳಿದಳು: "ತೋರ್ಸಿ ಆ ಕೋಡು. ನಾನೂ ಇದೇ ಕೆಲಸದವಳು. ಗುರುವಾರದ ಪತ್ರ ಅಂತ ಕೇಳಿದೀರಾ?"

ಮನುಷ್ಯ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ. "ನೀವಾ ಮೇಡಂ? ನಾನು ಕಾಲೇಜಲ್ಲಿ ಕಲಿತಿದ್ದೇನೂ ಇಲ್ಲ. ಅನ್ನ ತಿನ್ನೋ ಹಾಗೆ ಮಾಡಿದ್ದು ನಿಮ್ಮ ಪತ್ರ." ಅವನ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಪರದೆಯನ್ನು ಅವಳ ಕಡೆ ತಿರುಗಿಸಿದ.

ಅವಳು ಓದಿದಳು. ಓದಬೇಕಾದ್ದೇ ಇರಲಿಲ್ಲ, ಅದು ಯಾರ ಕೋಡೆಂದು ಸಾಲುಗಳ ಅಳತೆಯೇ ಹೇಳುತ್ತಿತ್ತು. ಕಳುಹಿಸುವವಳ ಜಾಗದಲ್ಲಿ ತಂಗಿ ಎಂದಿತ್ತು, ತಲುಪಬೇಕಾದ ಕಡೆ ಅಕ್ಕ ಎಂದಿತ್ತು. ಆ ಹೆಸರುಗಳನ್ನೂ ಅವನು ಬದಲಾಯಿಸಿರಲಿಲ್ಲ. ಒತ್ತಿದ ಕೂಡಲೇ 'ತಲುಪಿದೆ' ಎಂದು ತೋರಿಸು. ಆಮೇಲೆ ಅಕ್ಕನಿಗೆ ಕಳುಹಿಸು. ತಲುಪದಿದ್ದರೆ ಎನ್ನುವ ಕಡೆ ಒಂದು ಕಂಸ ತೆರೆದು, ಒಂದು ಕಂಸ ಮುಚ್ಚಿ, ನಡುವೆ ಏನೂ ಇರಲಿಲ್ಲ. ಖಾಲಿ ಜಾಗದ ಮೇಲೆ ಅವಳದೇ ಮಾತು: 'ಇದು ನಿಮಗೆ ಬಿಟ್ಟದ್ದು.'

"ಇಲ್ಯಾಕೆ ಏನೂ ಬರೀಲಿಲ್ಲ ನೀವು?" ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ನೀವೇ ಖಾಲಿ ಬಿಟ್ಟಿದ್ರಲ್ಲ ಮೇಡಂ. ಬೇಕಿದ್ರೆ ನೀವು ಬರೀದೇ ಇರ್ತಿದ್ರಾ ಅಂದ್ಕೊಂಡೆ."

ಕೊರಳಪಟ್ಟಿ ಹಿಡಿಯಲು ಬಂದಿದ್ದ ಕೈಗೆ ಅವನು, ಏನೇ ಬೇಕಿದ್ದರೂ ಕರೆಯಿರಿ ಎಂದು, ತನ್ನ ಫೋನ್ ನಂಬರು ಬರೆದ ಚೀಟಿ ಕೊಟ್ಟ. ಅವಳು ಅದನ್ನು ಹಿಡಿದುಕೊಂಡು, ಬಸ್ಸೂ ಹತ್ತದೆ, ನಡೆದೇ ಮನೆಗೆ ಬಂದಳು.

ಬಂದವಳು ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ಹನ್ನೊಂದು ವರ್ಷದ ಹಿಂದಿನ ಕಟ್ಟು, ಅದರಲ್ಲಿ 'ಕಾಯಿಸದ ಬಟನ್'. ಹಾಳೆ ಹಳದಿಗಟ್ಟಿತ್ತು, ಕೆಂಪು ಶಾಯಿ ಮಾಸಿರಲಿಲ್ಲ. ಆ ಎರಡು ಕಂಸಗಳ ಸುತ್ತ ಅಕ್ಕ ದುಂಡಗೆ ಗೆರೆ ಎಳೆದಿದ್ದಳು. ಅಂಚಿನಲ್ಲಿ ಅವಳ ಮಣಿ ಪೋಣಿಸಿದಂಥ ಅಕ್ಷರ: 'ಇಲ್ಲೇನೋ ಬಿಟ್ಟುಹೋಗಿದೆ. ತಲುಪದಿದ್ದರೆ ಅಕ್ಕನಿಗೆ ಗೊತ್ತಾಗುವುದು ಹೇಗೆ?' ಅದರ ಕೆಳಗೆ ತಂಗಿಯ ಅವಸರದ ಬರಹ: 'ಬಿಟ್ಟಿದ್ದು ನಾನೇ. ಬರೆದರೆ ಒಂದು ಪುಟ ದಾಟುತ್ತೆ. ಇರಲಿ.' ಅದರ ಪಕ್ಕದಲ್ಲಿ ಅಕ್ಕನ ಸಣ್ಣ ಗೀಟು.

ಆಗ ಅಳು ಬಂತು. ನೆಲದ ಮೇಲೆ ಕೂತು, ಕೆಳಮನೆಯವರು ಮೇಲೆ ಬರುವಷ್ಟು ಜೋರಾಗಿ ಅತ್ತಳು.

ಗುರುವಾರದ ಪತ್ರದಲ್ಲಿ ಸುದ್ದಿ ಇರಲಿಲ್ಲ. ಆ ಕರಡಿನ ಚಿತ್ರ, ಆ ಶನಿವಾರ ನಡೆದದ್ದು, ತಪ್ಪು ತನ್ನದೆಂಬ ಮಾತು, ಆಮೇಲೆ ಆ ಪಾಠ ಪೂರ್ತಿಯಾಗಿ, ತಲುಪದಿದ್ದರೆ ಏನು ಮಾಡಬೇಕೆಂಬುದರ ಸಮೇತ. ಎರಡು ಪುಟವಾಯಿತು. ಈ ಕೋಡು ಎಲ್ಲೆಲ್ಲಿ ಅಂಟಿಸಿದ್ದೀರೋ ಇವತ್ತೇ ತೆಗೆಯಿರಿ ಎಂದು ಕೊನೆಯಲ್ಲಿ ಬರೆದಳು. ಕಾಗದದ ಮೇಲೆ ಅಚ್ಚು ಹಾಕಿ, ಕೆಂಪು ಪೆನ್ನು ಹಿಡಿದು ತಾನೇ ಓದಿದಳು. ಎರಡು ಕಡೆ ತಪ್ಪು ಸಿಕ್ಕಿತು. ಅಕ್ಕ ಇದ್ದಿದ್ದರೆ ಇನ್ನೂ ಸಿಗುತ್ತಿತ್ತು.

ಹತ್ತಕ್ಕೆ ಬಟನ್ ಒತ್ತಿದಳು. 'ಕಳುಹಿಸಲಾಗಿದೆ' ಎಂದು ಪರದೆ ಆ ಕ್ಷಣವೇ ಹೇಳಿತು. ಅದನ್ನು ಸ್ವಲ್ಪ ಹೊತ್ತು ನೋಡಿ, ಅವಳು ಆ ಚೀಟಿಯ ನಂಬರಿಗೆ ಫೋನ್ ಮಾಡಿದಳು.

"ಬಂತಾ?"

"ಇಲ್ಲ ಮೇಡಂ, ಇನ್ನೂ ಇಲ್ಲ. ನಿಮ್ಮ ಕಡೆ ಹೋಗಿದೆ ಅಂತ ತೋರಿಸ್ತಿದೆಯಾ?"

"ತೋರಿಸ್ತಿದೆ."

"ಹಾಗಾದ್ರೆ ಬರುತ್ತೆ ಬಿಡಿ. ಬಂದ್ಮೇಲೆ ನಾನೇ ಫೋನ್ ಮಾಡ್ತೀನಿ."

"ಬೇಡ," ಎಂದಳು ತಂಗಿ. "ಫೋನ್ ಇಡಬೇಡಿ. ಅದು ಬರೋವರೆಗೂ ನಾನು ಲೈನಲ್ಲೇ ಇರ್ತೀನಿ."